ಬೇಲಿ ಮೂಲೆಯ ರುಚಿ

ನಮ್ಮಕ್ಕನ ಟೊಮೆಟೊ ನನ್ನ ಅಂಗಡಿಯಲ್ಲಿ ಯಾವತ್ತೂ ನೀಲಿ ಬಟ್ಟೆಯ ಮೇಲೆ ಕೂರುತ್ತಿತ್ತು. ಬೇರೆಯವರ ಮಾಲಿಗೆ ಗೋಣಿಚೀಲವೇ ಗತಿ. ಬಂದವರು ಬೆಲೆ ಕೇಳುವ ಮೊದಲು ಬಟ್ಟೆ ನೋಡುತ್ತಿದ್ದರು. ಬೆಳೆಯುವುದು ಅವಳು, ಮಾರುವುದು ನಾನು. ಅವಳಿಗೆ ಮಾತು ಕಡಿಮೆ, ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೂ ಜೋಡಿ ಚೆನ್ನಾಗಿಯೇ ನಡೆದಿತ್ತು.

ಇಟ್ಟಿಗೆ ಗೂಡಿನ ಹಿಂದೆ ಅವಳು ಗುತ್ತಿಗೆಗೆ ಹಿಡಿದಿದ್ದ ತೋಟ. ಭಾವ ತೀರಿಕೊಂಡ ವಾರವೂ ಗುದ್ದಲಿ ಕೆಳಗಿಡಲಿಲ್ಲ. ಜನ ಆಡಿಕೊಂಡರು. "ನನ್ನ ದುಃಖ ಗಿಡಕ್ಕೇನು ಗೊತ್ತು? ಅದಕ್ಕೆ ಬಾಯಾರಿಕೆ ಆಗುತ್ತೆ" ಅಂದು ನೀರು ಕಟ್ಟಲು ಹೋದಳು. ಅಂಥವಳು ಕಳೆದ ವರ್ಷ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆಯೇನೋ ಕೂಡಿತು. ಆದರೆ ಬಗ್ಗುವ ಹಾಗಿಲ್ಲ, ಕುಕ್ಕರುಗಾಲಲ್ಲಿ ಕೂರುವ ಹಾಗಿಲ್ಲ ಅಂದರು ಡಾಕ್ಟರು. ತೋಟ ಇನ್ನೊಬ್ಬರ ಪಾಲಾಯಿತು.

"ಇನ್ನಾದ್ರೂ ಸುಮ್ನೆ ಕೂತ್ಕೋ ಅಕ್ಕಾ, ನಾನಿದೀನಲ್ಲ" ಅಂದೆ.

"ಸುಮ್ನೆ ಕೂರೋಕೆ ನಾನೇನು ಶೋಕೇಸಿನ ಬೊಂಬೆನಾ?" ಅಂದಳು.

ಅವಳ ಮಗಳು ಪ್ಲಂಬರ್. ಊರಿನವರ ನಲ್ಲಿ ರಿಪೇರಿ ಮಾಡುವ ಹುಡುಗಿ ಅಮ್ಮನ ಹಟವನ್ನು ರಿಪೇರಿ ಮಾಡುವುದು ಆಗದ ಮಾತು ಅಂತ ತಿಳಿದು, ಹಿತ್ತಲಲ್ಲಿ ಸೊಂಟದೆತ್ತರಕ್ಕೆ ಪೈಪು ಜೋಡಿಸಿಬಿಟ್ಟಳು. ಪೈಪಿಗೆ ತೂತು, ತೂತಿಗೊಂದು ಗಿಡ, ಕೆಳಗೆ ಡ್ರಮ್ಮು, ಗೊಬ್ಬರ ಕರಗಿಸಿದ ನೀರನ್ನು ಸುತ್ತಿಸುವ ಪುಟ್ಟ ಮೋಟಾರು. ಮಣ್ಣು ಒಂದು ಚಮಚವೂ ಇಲ್ಲ. ಬೀಜ ಮಾತ್ರ ಅಕ್ಕ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಹಳೇ ತೋಟದ್ದೇ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನ್ನ ಕೈಗೆ ಕೆಸರೇ ಇಲ್ವಲ್ಲೇ!" ಅಂತ ನಾನು ಛೇಡಿಸಿದೆ. ಅಕ್ಕ ನಗಲಿಲ್ಲ.

ಗಿಡಗಳು ಮಾತ್ರ ಭರ್ಜರಿಯಾಗಿ ಬಂದವು. ಮುಷ್ಟಿ ಗಾತ್ರದ ಹಣ್ಣು, ಒಂದು ಹುಳುಕಿಲ್ಲ, ಒಂದು ಕಲೆಯಿಲ್ಲ. ಬುಟ್ಟಿ ತುಂಬಿಸಿ ತಂದು ನೀಲಿ ಬಟ್ಟೆ ಹಾಸಿದೆ. ಮೊದಲು ಬಂದವನು ಎದುರುಸಾಲಿನ ಕಟಿಂಗ್ ಶಾಪಿನ ಅಣ್ಣ. ಅವನದೊಂದು ಅಭ್ಯಾಸ. ಜೇಬಿನಲ್ಲಿ ಕಾಗದದ ಪೊಟ್ಟಣದಲ್ಲಿ ಉಪ್ಪು ಇಟ್ಟುಕೊಂಡು ಬಂದು, ಟೊಮೆಟೊವನ್ನು ಅಂಗಡಿಯೆದುರೇ ಕಚ್ಚಿ ತಿನ್ನುವುದು. ಅವತ್ತೂ ಕಚ್ಚಿದ. ಉಪ್ಪು ಉದುರಿಸಿದ. ಮತ್ತೆ ಕಚ್ಚಿದ. ಇನ್ನಷ್ಟು ಉದುರಿಸಿದ. ಕೊನೆಗೆ ಅರ್ಧ ಹಣ್ಣನ್ನು ಮೆಲ್ಲಗೆ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟ.

"ಬೇಜಾರ್ ಮಾಡ್ಕೋಬೇಡ. ಇದು ಅಕ್ಕನ ಕೈ ಹಣ್ಣಲ್ಲ. ಕೆಂಪು ಬಣ್ಣದ ನೀರು ಕುಡಿದ ಹಾಗಿದೆ" ಅಂದ.

ನನಗೆ ಎಲ್ಲಿತ್ತೋ ಕೋಪ! "ನಿನ್ನ ನಾಲಿಗೆಗೆ ಕತ್ತರಿ ಹಾಕ!" ಅಂತ ಅಂದೇಬಿಟ್ಟೆ. ಅವನು ಹೋದ ಮೇಲೆ ನಾನೂ ಒಂದು ಕಚ್ಚಿ ನೋಡಿದೆ. ಅವನು ಹೇಳಿದ್ದು ನಿಜ. ಸಪ್ಪೆ ಅಂದರೆ ಸಪ್ಪೆ.

ಸಂಜೆ ಅಕ್ಕನ ಮುಂದೆ ಮುಚ್ಚಿಡೋಣ ಅಂದುಕೊಂಡೇ ಹೋದೆ. ನನ್ನ ಹೊಟ್ಟೆಯಲ್ಲಿ ಮಾತು ಎಲ್ಲಿ ನಿಲ್ಲಬೇಕು? ಎಲ್ಲ ಹೇಳಿದೆ. ಅವಳು ಕೈ ಚಾಚಿದಳು. "ಬಟ್ಟೆ ಕೊಡು."

"ಯಾಕೆ?"

"ರುಚಿ ಇಲ್ಲದ್ದನ್ನ ಅದರ ಮೇಲೆ ಇಡಬೇಡ. ಗೋಣಿ ಮೇಲೆ ಹಾಕಿ ಯಾವ ಬೆಲೆಗಾದ್ರೂ ಮಾರು. ನನ್ನದು ಅಂತ ಹೇಳಬೇಡ."

ಬಟ್ಟೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಆ ಬಟ್ಟೆ ಮತ್ತೆ ಅಂಗಡಿಗೆ ಬರದಿದ್ದರೆ ಅಕ್ಕ ಬದುಕಿದ್ದೂ ಮೂಲೆಗೆ ಸೇರಿದಂತೆಯೇ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಮೊದಲು ಅವಳು ಮಾಡಿದ್ದು ತೋಟದವರೆಲ್ಲ ಮಾಡುವ ತಪ್ಪು. ರುಚಿ ಕಡಿಮೆಯಾಯಿತೇ, ಹಾಗಾದರೆ ಗಿಡಕ್ಕೆ ಇನ್ನಷ್ಟು ಉಪಚಾರ. ಹೊತ್ತುಹೊತ್ತಿಗೆ ಹೊಸ ನೀರು, ಬಿಸಿಲಿಗೆ ಪರದೆ. ಹಣ್ಣು ಇನ್ನೂ ದಪ್ಪವಾಯಿತು, ಇನ್ನೂ ಸಪ್ಪೆಯಾಯಿತು. "ನೀರಲ್ಲಿ ಬೆಳೆದದ್ದು ಇಷ್ಟೇ ಕಣೇ, ಬಿಟ್ಟಾಕು" ಅಂದೆ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನೀರನ್ನ ಬೈಯೋದು ಆಮೇಲೆ" ಅಂದಳು. ಒಂದು ಎಲೆಯನ್ನು ತಿರುಗಿಸಿ ನೋಡುತ್ತ, "ಏನೇ, ನಮ್ಮ ಬೇಲಿ ಮೂಲೆ ಹಣ್ಣಿಗೆ ಆ ಕಟಿಂಗ್ ಶಾಪಿನವನು ಉಪ್ಪು ಹಾಕ್ಕೋತಿದ್ನಾ?" ಅಂತ ಕೇಳಿದಳು.

ತೋಟದ ಬೇಲಿ ಮೂಲೆಯೆಂದರೆ ಅವಳಿಗೆ ತಲೆನೋವು. ಅಲ್ಲಿ ಉಪ್ಪು ಜಿನುಗುವ ಕೆಟ್ಟ ನೆಲ. ಗಿಡ ಮೊಣಕಾಲೆತ್ತರ ದಾಟದು, ಹಣ್ಣು ನಿಂಬೆ ಗಾತ್ರ. ಆದರೆ ಅದನ್ನು ಕಟಿಂಗ್ ಅಣ್ಣ ಹುಡುಕಿ ಹುಡುಕಿ ಆರಿಸುತ್ತಿದ್ದ. ನೆನಪು ಮಾಡಿಕೊಂಡೆ. ಆ ಹಣ್ಣಿಗೆ ಅವನು ಪೊಟ್ಟಣ ಬಿಚ್ಚಿದ್ದನ್ನು ನಾನು ಕಂಡೇ ಇಲ್ಲ.

"ಇಲ್ಲ" ಅಂದೆ.

"ಹಂಗಾದ್ರೆ ಡ್ರಮ್ಮಿಗೆ ಉಪ್ಪು ಹಾಕ್ತೀನಿ."

"ಹುಚ್ಚು ಹಿಡೀತಾ ನಿಂಗೆ? ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕ್ತಾವಾ?"

ಕೇಳುತ್ತಾಳೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಡುಗೆಮನೆಯ ಡಬ್ಬಿಯಿಂದ ಹಿಡಿ ಹಿಡಿಯಾಗಿ ಸುರಿದಳು. ಎಲೆ ಸುರುಟಿತು, ಕಾಯಿಗಳ ತಳ ಕಪ್ಪಾಗಿ ಕೊಳೆಯಿತು. ಒಂದೊಂದನ್ನೂ ಕಿತ್ತು ಬಕೆಟ್ಟಿಗೆ ಹಾಕಿದಳು. ನಾನು ಅತ್ತೆ. ಅವಳು ಅಳಲಿಲ್ಲ. "ಹೆದರಿಸಬೇಕಿತ್ತು, ಹೊಡೆದುಬಿಟ್ಟೆ" ಅಂದಳು, ಅಷ್ಟೆ.

ಮರುದಿನವೇ ಹೊಸ ಬೀಜ ನೆನೆಹಾಕಿದಳು. ಮಗಳು ನೀರಿನ ಉಪ್ಪು ಅಳೆಯುವ ಕಡ್ಡಿ ತಂದುಕೊಟ್ಟು, "ಅಮ್ಮಾ, ಕಾಯಿ ಕಟ್ಟೋ ತನಕ ತಡಿ. ಆಮೇಲೆ ಮೆಟ್ಟಿಲು ಹತ್ತೋ ಹಾಗೆ ಏರಿಸೋಣ" ಅಂದಳು. ಈ ಸಲ ಚಿಟಿಕೆಯಷ್ಟೇ ಉಪ್ಪು. ಎಲೆಯ ತುದಿ ಮುಟ್ಟಿ ನೋಡಿ, ಮುರುಟಿದರೆ ನಿಲ್ಲಿಸಿ, ಚೇತರಿಸಿಕೊಂಡರೆ ಇನ್ನೊಂದು ಚಿಟಿಕೆ. ಕೋಲೂರಿಕೊಂಡು ಪೈಪಿನ ಉದ್ದಕ್ಕೂ ಓಡಾಡುತ್ತ ಗಿಡಗಳಿಗೆ ಬೈಯುತ್ತಿದ್ದಳು. "ಮೈ ಬಗ್ಗಿಸ್ರೇ, ಸೋಮಾರಿಗಳಾ!" ಇನ್ನೊಂದು ಪೈಪಿನಲ್ಲಿದ್ದ ಕೊತ್ತಂಬರಿಗೆ ಎಷ್ಟು ಬೈದರೂ ತೋಟದ ಘಮ ಬರಲಿಲ್ಲ. ಅದು ಇವತ್ತಿಗೂ ಬಂದಿಲ್ಲ, ಸುಳ್ಳು ಯಾಕೆ ಹೇಳಲಿ? ಟೊಮೆಟೊ ಮಾತ್ರ ಸಣ್ಣದಾಯಿತು, ಸಿಪ್ಪೆ ದಪ್ಪವಾಯಿತು. ಗಿಡದಲ್ಲೇ ಪೂರ್ತಿ ಕೆಂಪಾಗುವವರೆಗೆ ಒಂದನ್ನೂ ಕೀಳಲು ಬಿಡಲಿಲ್ಲ. ನನಗೂ ರುಚಿ ನೋಡಲು ಕೊಡಲಿಲ್ಲ, ಪಾಪಿ.

ಆ ಬೆಳಿಗ್ಗೆ ಬುಟ್ಟಿಯ ಜತೆ ತಾನೇ ಆಟೋ ಹತ್ತಿ ಬಂದಳು. ಬಿದ್ದ ಮೇಲೆ ಅಂಗಡಿಗೆ ಅದೇ ಮೊದಲ ಸಲ. "ಗೋಣಿ ಮೇಲೆ ಸುರಿ. ನನ್ನದು ಅನ್ನಬೇಡ" ಅಂದು, ನನ್ನ ಹಿಂದಿನ ಸ್ಟೂಲಿನಲ್ಲಿ, ಚೀಲಗಳ ಮರೆಯಲ್ಲಿ ಕೂತಳು.

ಕಟಿಂಗ್ ಅಣ್ಣ ಬಂದ. ಗೋಣಿಯ ಮೇಲಿನ ಪುಟ್ಟ ಹಣ್ಣುಗಳನ್ನು ನೋಡಿ ಒಂದನ್ನು ಎತ್ತಿಕೊಂಡ. ಎಡಗೈಯಲ್ಲಿ ಪೊಟ್ಟಣ ಹಿಡಿದ. ಕಚ್ಚಿದ. ರಸ ಮೊಣಕೈವರೆಗೆ ಇಳಿಯಿತು. ಅವನು ಇಡೀ ಹಣ್ಣು ಮುಗಿಸಿದ, ತೊಟ್ಟು ಬಿಸಾಡಿದ, ಬಿಚ್ಚದ ಪೊಟ್ಟಣವನ್ನು ವಾಪಸ್ ಜೇಬಿಗೆ ಇಳಿಸಿದ.

"ಅಕ್ಕನ ಸೊಂಟ ಸರಿಹೋಯ್ತೇನು? ಮತ್ತೆ ತೋಟಕ್ಕೆ ಇಳಿದ್ಲು ಅಂತ ಒಂದು ಮಾತು ಹೇಳಬಾರದಿತ್ತಾ?" ಅಂತ ನನ್ನ ಮೇಲೆ ರೇಗಿದ.

ಹಿಂದಿನಿಂದ ಅಕ್ಕನ ದನಿ ಬಂತು.

"ಸೊಂಟ ಸರಿಹೋಗಿಲ್ಲ. ಟೊಮೆಟೊ ಸರಿಹೋಯ್ತು."

ಕೋಲೂರಿ ಎದ್ದು ಬಂದಳು. ತನ್ನ ಕೈಚೀಲದಿಂದ ನೀಲಿ ಬಟ್ಟೆ ತೆಗೆದು ನನ್ನ ಕೈಗಿಟ್ಟಳು.

"ಏನ್ ನೋಡ್ತಾ ನಿಂತೆ? ಹಾಸು."