ಮಡಿಲಿನಿಂದ ಕತ್ತರಿಸಿದ ಮಗು

ಜಯಲಕ್ಷ್ಮಿಪುರಂನ ಒಂದು ಫೋಟೋ ಸ್ಟುಡಿಯೋದಲ್ಲಿ, ಕಂಪ್ಯೂಟರ್ ಮುಂದೆ ಕೂತು, ಸತ್ತವರನ್ನು ಬದುಕಿರುವವರಿಂದ ಬೇರೆ ಮಾಡುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿದರೆ ಮಾಟಗಾತಿಯ ಕಸುಬಿನಂತೆ ಕೇಳಿಸುತ್ತದೆ. ಸ್ಟುಡಿಯೋದಲ್ಲಿ ಅದಕ್ಕೆ ‘ಸಿಂಗಲ್ ಮಾಡುವುದು’ ಎಂಬ ಸಾದಾ ಹೆಸರಿತ್ತು. ಇಸವಿ ಎರಡು ಸಾವಿರದ ಆಚೀಚಿನ ಮಾತು. ಕ್ಯಾಮೆರಾ ಇನ್ನೂ ಎಲ್ಲರ ಮನೆಗೆ ಬಂದಿರಲಿಲ್ಲ. ಯಾರಾದರೂ ತೀರಿಕೊಂಡರೆ ಮನೆಯವರು ಟ್ರಂಕು ಕೆದಕಿ, ಮದುವೆಯದೋ ಗೃಹಪ್ರವೇಶದ್ದೋ ಒಂದು ಗುಂಪು ಫೋಟೋ ಹುಡುಕಿ ತರುತ್ತಿದ್ದರು. “ಇವರೊಬ್ಬರನ್ನ ಸಿಂಗಲ್ ಮಾಡ್ಕೊಡಿ” ಎಂದು ಮುಖದ ಮೇಲೆ ಬೆರಳಿಡುತ್ತಿದ್ದರು. ನಾನು ಮೌಸ್ ಹಿಡಿದು ಆ ಮನುಷ್ಯನ ಸುತ್ತ ಚುಕ್ಕಿ ಚುಕ್ಕಿಯಾಗಿ ಗೆರೆ ಎಳೆದು, ಉಳಿದವರನ್ನೆಲ್ಲ ಅಳಿಸಿ, ಹಿಂದೆ ತಿಳಿನೀಲಿ ತುಂಬುತ್ತಿದ್ದೆ.

ಹಾರ ಹಾಕುವ ಫೋಟೋದಲ್ಲಿ ಬದುಕಿರುವವರ ಕೂದಲೆಳೆಯೂ ಇರಬಾರದೆಂಬುದು ನಮ್ಮ ಜನರ ನಂಬಿಕೆ; ಇದ್ದರೆ ಅವರನ್ನೂ ಸಾವು ಕರೆಯುತ್ತದಂತೆ. ಆದ್ದರಿಂದ ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಸ್ನೇಹ ಅವರದು, ಒಂದೊಂದೇ ಬೆರಳು ಅಳಿಸುವ ಕರ್ಮ ನನ್ನದು!

ಆ ಕೆಲಸ ಕಣ್ಣಿಗೆ ಅಂಟಿಕೊಂಡುಬಿಟ್ಟಿತು. ಬಸ್ಸಿನಲ್ಲಿ ಮುಂದಿನ ಸೀಟಿನ ಗಂಡಹೆಂಡಿರನ್ನು ನೋಡಿದರೆ, ಅವನ ತೋಳು ಎಲ್ಲಿ ಮುಗಿದು ಅವಳ ಸೆರಗು ಎಲ್ಲಿ ಶುರುವಾಗುತ್ತದೆಂದು ಹುಡುಕುತ್ತಿದ್ದೆ. ಮನೆಯಲ್ಲಿ ಅಮ್ಮ ತಂಗಿಯ ತಲೆ ಬಾಚುವಾಗಲೂ ಅಷ್ಟೇ, ಗೆರೆ ತಾನಾಗಿ ಓಡುತ್ತಿತ್ತು. ಇಬ್ಬರಲ್ಲಿ ಯಾರನ್ನು ಉಳಿಸಬೇಕೆಂದು ಕಣ್ಣು ಕೇಳುತ್ತಿತ್ತು. “ಯಾಕೇ ಹಂಗ್ ನೋಡ್ತೀಯ?” ಎಂದು ಅಮ್ಮ ಗದರಿದರೆ ಎದ್ದು ಒಳಗೆ ಹೋಗುತ್ತಿದ್ದೆ. ನಿಜವಾಗಿ ಹೆದರಿಕೆಯಾಗುತ್ತಿತ್ತು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂದರೆ ನಮಗೆ ಪುರುಸೊತ್ತಿರುತ್ತಿರಲಿಲ್ಲ. ಹಿರಿಯರ ಫೋಟೋ ಇಟ್ಟು, ಮುಂದೆ ಎಲೆ ಹಾಕಿ, ಎಡೆ ಬಡಿಸುವ ಹಬ್ಬ ಅದು. ಅಂಥ ಒಂದು ವರ್ಷ, ಹಬ್ಬದ ಹಿಂದಿನ ವಾರ, ಬೋಗಾದಿಯಿಂದ ಅತ್ತೆ ಸೊಸೆ ಇಬ್ಬರು ಬಂದರು. ಅತ್ತೆ ಗಟ್ಟಿ ಆಳು, ಸೊಸೆ ನನ್ನ ವಯಸ್ಸಿನವಳೇ. ತಂದಿದ್ದ ಫೋಟೋದಲ್ಲಿ ಮನೆಮಂದಿಯೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಹಳದಿ ಹೂವಿನ ಫ್ರಾಕು ತೊಟ್ಟ ಹೆಣ್ಣುಮಗು. ಮಗುವಿನ ಹೊಟ್ಟೆಯನ್ನು ಬಳಸಿ ತಾಯಿಯ ಹಸಿರು ಗಾಜಿನ ಬಳೆಯ ಒಂದು ಕೈ.

“ಮಗೀನೊಂದ್ನೇ ತಕ್ಕೊಡವ್ವ,” ಎಂದಳು ಅತ್ತೆ. “ಜ್ವರ ಬಂದು ಹೋಗ್ಬುಡ್ತು. ಹಬ್ಬಕ್ಕೆ ಅವರ ತಾತನ ಪಕ್ಕ ಮಡಗಿ ಎಡೆ ಇಕ್ಬೇಕು. ಬದ್ಕಿರೋರು ಯಾರೂ ಹಾರದೊಳಕ್ಕೆ ಬರಕೂಡ್ದು.”

ಅಷ್ಟು ಹೇಳಿ ಆಕೆ ಮೆಟ್ಟಿಲಿಳಿದಳು. ಸೊಸೆ ಹಿಂದೆ ಉಳಿದು, ಕೌಂಟರಿನಲ್ಲಿದ್ದ ನಮ್ಮ ಯಜಮಾನರ ಕಡೆ ತಿರುಗಿ, “ಅಣ್ಣ, ಕೈ ಒಂದ್ ಬುಟ್ಬುಡಿ” ಎಂದು ಮೆಲ್ಲಗೆ ಹೇಳಿ ಹೊರಟಳು. ನನಗೂ ಕೇಳಿಸಿತು.

“ಕೈ ಬುಟ್ಬುಡ್ಬೇಕಂತೆ ನೋಡಮ್ಮ, ತಾಯೇ ಹೇಳಿದ್ಲು,” ಎಂದರು ಯಜಮಾನರು. “ಬಳೆ ಚೂರೂ ಕಾಣ್ಬಾರ್ದು.” ನಮ್ಮಲ್ಲಿ ಬಿಡುವುದೆಂದರೆ ಅಳಿಸುವುದು. ಹಿಂದಿನ ಕ್ಯಾಲೆಂಡರು ಬಿಡು, ಪಕ್ಕದ ಅತ್ತಿಗೆಯನ್ನು ಬಿಡು ಎಂದೇ ನಾವು ದಿನವೂ ಮಾತಾಡಿಕೊಳ್ಳುತ್ತಿದ್ದೆವು.

ಕತ್ತರಿಸಲು ಕೂತೆ. ಕೈಯನ್ನು ಬೇರೆ ಪದರಕ್ಕೆ ಎತ್ತಿಟ್ಟು, ಅದರ ಕೆಳಗಿನ ಖಾಲಿ ಜಾಗಕ್ಕೆ ಫ್ರಾಕಿನ ಹಳದಿ ಹೂಗಳನ್ನು ಅಕ್ಕಪಕ್ಕದಿಂದ ತಂದು ಮುಚ್ಚಿದೆ. ನಡುವೆ ಎಲ್ಲೋ ತಪ್ಪು ಗುಂಡಿ ಒತ್ತಿದೆನೋ ಏನೋ, ಮಗು ಮಾಯವಾಗಿ ಕೈಯೊಂದೇ ಪರದೆಯ ಮೇಲೆ ಉಳಿಯಿತು. ಮೊಣಕೈವರೆಗಿನ ಒಂದು ಕೈ, ಬಳೆ ಸಮೇತ, ಏನೂ ಇಲ್ಲದ್ದನ್ನು ಬಳಸಿ ಹಿಡಿದುಕೊಂಡಿತ್ತು. ಬೆರಳುಗಳು ಬಿಗಿಯಾಗಿದ್ದವು. ನಾನು ಕುರ್ಚಿ ತಳ್ಳಿ ಹೊರಗೆ ಬಂದು ನೀರು ಕುಡಿದೆ. ಒಳಗೆ ಹೋಗಲು ಮನಸ್ಸೇ ಬರಲಿಲ್ಲ.

ಮಗುವನ್ನು ನೀಲಿಯ ಮೇಲೆ ಕೂರಿಸಿದರೆ ಇನ್ನೊಂದು ಫಜೀತಿ. ತಾಯಿಯ ಎದೆಗೆ ಒರಗಿಕೊಂಡಿದ್ದ ಮಗು ಅದು. ತಾಯಿ ಹೋದ ಮೇಲೆ ಹಿಂದಕ್ಕೆ ಬೀಳುತ್ತಿತ್ತು. ನೆಟ್ಟಗೆ ತಿರುಗಿಸಿದರೆ ಕಣ್ಣು ಇನ್ನೆಲ್ಲೋ ನೋಡುತ್ತಿತ್ತು. ಹಿನ್ನೆಲೆಗಳ ಸಿಡಿಯಿಂದ ಒಂದು ಬೆತ್ತದ ಕುರ್ಚಿ ತಂದಿಟ್ಟೆ. ಊಹೂಂ, ಮಗು ಕುರ್ಚಿಯಲ್ಲಿ ಕೂರಲೇ ಇಲ್ಲ. ಎತ್ತಿಕೊಂಡ ಮಗುವಿನ ಮೈಯಲ್ಲಿ ಯಾರೋ ಹಿಡಿದಿದ್ದಾರೆಂಬ ನಂಬಿಕೆ ಇರುತ್ತದೆ, ಅದನ್ನು ಯಾವ ಕುರ್ಚಿಗೆ ಹೊಂದಿಸುವುದು? ಬೀಳುತ್ತಾ, ಬೀಳುತ್ತಿರುವುದು ತಿಳಿಯದೆ, ಅದು ನಗುತ್ತಲೇ ಇತ್ತು. ಯಜಮಾನರು ಬಗ್ಗಿ ನೋಡಿ, “ಚೆನ್ನಾಗೇ ಬಂದಿದೆ, ಪ್ರಿಂಟ್ ಹಾಕು” ಎಂದರು. ಹಾಕಿದೆ. ಕಟ್ಟು ಹಾಕಿಸಿ ಗಾಜು ಕೂರಿಸಿದ್ದೂ ಆಯಿತು.

ಹಬ್ಬದ ಹಿಂದಿನ ದಿನ ಇಬ್ಬರೂ ಬಂದರು. ಅತ್ತೆ ಫೋಟೋ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆದೂಗಿದಳು. ಸೊಸೆ ಮಾತ್ರ ಗಾಜಿನ ಮೇಲೆ ಹುಡುಕತೊಡಗಿದಳು.

“ಅಕ್ಕ, ಕೈ ಬುಟ್ಬುಡಿ ಅಂದಿದ್ನಲ್ಲ.”

“ಬಿಟ್ಟಿದ್ದೀವಲ್ಲಮ್ಮ, ಒಂದ್ ಬೆರಳೂ ಉಳಿದಿಲ್ಲ ನೋಡಿ,” ಎಂದೆ, ತುಸು ಜಂಬದಿಂದಲೇ.

“ತೆಗೀರಿ ಅಂದ್ನಾ ನಾನು? ಅಂಗೇ ಬುಟ್ಬುಡಿ, ಮುಟ್ಬೇಡಿ ಅಂದಿದ್ದು.”

ಅವಳು ಇರಲಿ ಎಂದು ಬಿಡಲು ಹೇಳಿದ್ದನ್ನು ನಾವು ಬೇಡವೆಂದು ಬಿಟ್ಟಿದ್ದೆವು. “ಕೂತ್ಕೊಳ್ಳಿ, ಈಗಲೇ ವಾಪಸ್ ಹಾಕ್ಕೊಡ್ತೀನಿ” ಎಂದು ಫೋಟೋಗೆ ಕೈ ಚಾಚಿದೆ.

“ಬ್ಯಾಡ!” ಅತ್ತೆ ಅಡ್ಡ ಬಂದಳು. “ಬದ್ಕಿರೋಳ ಕೈಗೆ ಯಾರಾದ್ರೂ ಹಾರ ಹಾಕ್ತಾರಾ? ನಿಂಗೊತ್ತಿಲ್ವಾ?”

“ಗೊತ್ತು ಕಣತ್ತೆ,” ಎಂದಳು ಸೊಸೆ. ದನಿ ಏರಿಸಲಿಲ್ಲ, ಅಳಲೂ ಇಲ್ಲ. “ಗೊತ್ತಿದ್ದೇ ಹೇಳ್ದೆ.”

ಯಜಮಾನರು ಚಿಲ್ಲರೆ ಹುಡುಕುವ ನೆಪದಲ್ಲಿ ಗಲ್ಲಾಪೆಟ್ಟಿಗೆಯ ಕಡೆ ಬಗ್ಗಿದರು. ಮಗುವಿನ ಹಿಂದೆ ತಾನೂ ಹೋಗಬೇಕೆಂದು ಈ ಹೆಣ್ಣು ನಮ್ಮ ಅಂಗಡಿಗೆ ಬಂದು ಬಾಯಿಬಿಟ್ಟು ಕೇಳಿದ್ದಳು. ಅದು ನಮಗೆ ಬಳೆ ಅಳಿಸುವ ಆರ್ಡರಿನಂತೆ ಕೇಳಿಸಿತ್ತು.

ಅತ್ತೆಗೆ ಮಾತ್ರ ಆಶ್ಚರ್ಯವಾದಂತೆ ಕಾಣಲಿಲ್ಲ. “ಅದ್ಕೇ ಕಣವ್ವ ನಾನ್ ಬ್ಯಾಡ ಅಂದಿದ್ದು,” ಎಂದಳು, ದನಿ ಇಳಿಸಿ. “ಒಂದ್ನ ಕಳ್ಕೊಂಡು ಕುಂತಿವ್ನಿ. ನಿನ್ನೂ ತಕ್ಕೊಂಡೋಗಿ ಗೋಡೆಗೆ ತಗ್ಲಾಕ್ಲಾ?”

ಸೊಸೆ ಬೆಂಚಿನ ಮೇಲೆ ಕೂತು ಫೋಟೋವನ್ನು ತೊಡೆಯ ಮೇಲಿಟ್ಟು ಎದೆಗೆ ಒರಗಿಸಿಕೊಂಡಳು. ಮುಂದಿನಿಂದ ಕೈ ಬಳಸಿ, ಗಾಜಿನ ಮೇಲೆ, ಮಗುವಿನ ಹೊಟ್ಟೆಯ ಮೇಲೆ ಇಟ್ಟಳು. “ಬೀಳ್ತದಲ್ಲ ಅತ್ತೆ, ನೋಡಿ. ಬೀಳ್ತಾ ಅದೆ,” ಎಂದಳು. ನಿಜವಾಗಿಯೂ ಬೀಳುತ್ತಿತ್ತು, ಅದು ನನಗೆ ಗೊತ್ತಿತ್ತು. ಅಷ್ಟು ಹೊತ್ತು ಬಿಗಿಹಿಡಿದದ್ದನ್ನು ತಡೆಯಲಾರದೆ ನಾನೇ ಅತ್ತುಬಿಟ್ಟೆ.

ಯಜಮಾನರು ಹಳೆ ಪೇಪರು ಹಿಡಿದು ಫೋಟೋ ಸುತ್ತಲು ಬಂದರು. ಅತ್ತೆ ಅವರನ್ನು ತಡೆದಳು. “ಸುತ್ಬೇಡಿ ಸ್ವಾಮಿ, ಅಂಗೇ ಎತ್ಕಂಡ್ ಬರ್ಲಿ.” ಸೊಸೆಯ ತೋಳು ಹಿಡಿದು ಎಬ್ಬಿಸಿದಳು. “ನೀನಾಗ್ ನೀನೇ ಇಳ್ಸೋಗಂಟ ನಾನ್ ಗೋಡೆಗೆ ಮೊಳೆ ಹೊಡ್ಯಾಕಿಲ್ಲ, ನಡಿ.”

“ನಾಳೆ ಎಡೆ?” ಎಂದಳು ಸೊಸೆ, ಫೋಟೋದಿಂದ ಕೈ ತೆಗೆಯದೆ.

“ಈ ವರ್ಸ ಅವರ ತಾತ ಒಬ್ರೇ ಉಣ್ಲಿ,” ಎಂದಳು ಅತ್ತೆ.