ಕಪ್ಪು ವೆಲ್ವೆಟ್ಟಿನ ಮೇಲೆ ನಮ್ಮ ಸೀಮೆಹಸು

ಕಪ್ಪು ವೆಲ್ವೆಟ್ ಬಟ್ಟೆಯ ಮೇಲೆ ಚಿತ್ರ ಬರೆಯುವವರಿಗೆ ನಮ್ಮ ಸೀಮೆಹಸುವಿಗಿಂತ ಸುಲಭದ್ದು ಸಿಗಲಿಕ್ಕಿಲ್ಲ. ಹಸುವಿನ ಕಪ್ಪು ಬಣ್ಣ ಬಟ್ಟೆಯಲ್ಲೇ ಇರುತ್ತದೆ. ಬಿಳಿ ಮಚ್ಚೆಗಳನ್ನಷ್ಟೇ ನಾವು ಹಾಕಬೇಕು. ಮಾಲೂರಿನಲ್ಲಿ ಭಾನುವಾರದ ತರಗತಿಗೆ ಸೇರಿದ ಮೂರನೇ ವಾರಕ್ಕೇ ನಾನು ಹೀಗೆ ಜಂಬ ಕೊಚ್ಚಿಕೊಂಡೆ. ಕಲಿಸುವ ಮೇಡಂ ನಕ್ಕರು. "ಸುಲಭ ಅಂತೀಯಲ್ಲ, ಇದ್ರ ಮೇಲೆ ತಪ್ಪಿದ್ರೆ ಅಳಿಸೋಕಾಗಲ್ಲ ಕಣಮ್ಮ," ಎಂದರು.

ಅಷ್ಟರಲ್ಲಿ ಆ ಹಸು ಸತ್ತು ಎರಡು ತಿಂಗಳಾಗಿತ್ತು. ನಮ್ಮೂರು ಕ್ಯಾಲನೂರಿನಿಂದ ಅಪ್ಪ ಮಾಲೂರಿನ ನಮ್ಮ ಮನೆಗೆ ಬಂದಿದ್ದಾಗ, ಇನ್ನೊಂದು ದಿನ ಇದ್ದು ಹೋಗೆಂದು ಹಟ ಹಿಡಿದವಳು ನಾನು. ಆ ದಿನವೇ ಹಸುವಿಗೆ ಹೊಟ್ಟೆ ಉಬ್ಬರಿಸಿತು. ಊರಲ್ಲಿ ಅಮ್ಮ ಒಬ್ಬಳೇ ಇದ್ದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಇದ್ದಿದ್ದರೆ ಅದು ಬದುಕುತ್ತಿತ್ತು. ಅವನು ನನ್ನನ್ನು ಬೈಯಲಿಲ್ಲ, ಮಾತನ್ನೇ ಬಿಟ್ಟ. ಫೋನ್ ಮಾಡಿದರೆ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಮೌನ ಮಾತ್ರ ಅರಗುವುದಿಲ್ಲ.

ಮಾತಿನಲ್ಲಿ ಕ್ಷಮೆ ಕೇಳಲಾಗದೆ ಚಿತ್ರ ಬರೆಯಲು ಕೂತೆ. ಹಳೆಯ ಫೋಟೊ ಮುಂದಿಟ್ಟುಕೊಂಡು, ಗಡಸು ಬ್ರಶ್ಶಿನ ತುದಿಗೆ ತುಸುವೇ ಬಿಳಿ ಹಚ್ಚಿ, ಒತ್ತಿ ಒತ್ತಿ ಕೂರಿಸಿದೆ. ಒಣಗುವಷ್ಟರಲ್ಲಿ ಬಟ್ಟೆ ಅರ್ಧ ಬಣ್ಣ ಕುಡಿದಿರುತ್ತದೆ, ಮತ್ತೆ ಹಚ್ಚಬೇಕು. ಹೆಚ್ಚಾದರೆ ವೆಲ್ವೆಟ್ಟಿನ ನವಿರು, ಅಂದರೆ ಮೇಲಿನ ಸಣ್ಣ ಕೂದಲು, ಅಂಟಿಕೊಂಡು ಮುದ್ದೆಯಾಗುತ್ತದೆ. ಹಣೆಯ ಚುಕ್ಕೆಯೊಂದಕ್ಕೇ ಮೂರು ಸಂಜೆ ಹಿಡಿಯಿತು.

ಮುಗಿದ ಮೇಲೆ ಊರಿಗೆ ಒಯ್ದು, ಜಗಲಿಯಲ್ಲಿ ಕೂತಿದ್ದ ಅಪ್ಪನ ತೊಡೆಯ ಮೇಲಿಟ್ಟೆ. ಅವನು ಕಣ್ಣಿಂದ ನೋಡಿದ್ದು ಕಡಿಮೆ. ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು, ಹಸುವಿನ ಕತ್ತಿನಿಂದ ಬಾಲದವರೆಗೆ ಸವರಿದ. ನಡುವೆ ಕೈ ನಿಲ್ಲಿಸಿದ.

"ಕೂದ್ಲು ಉಲ್ಟಾ ಐತೆ ಕಣೇ," ಎಂದ. "ಹಸುಗೆ ಬಾಲದ ಕಡೆ ಮಲಗಿರ್ತದೆ. ಇದು ಕೈಗೆ ಎದುರು ನಿಲ್ತೈತೆ."

ಎಷ್ಟೋ ದಿನಗಳ ನಂತರ ಅಪ್ಪ ನನ್ನೊಡನೆ ಆಡಿದ ಮೊದಲ ಮಾತು ಅದು. ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಹಾಲು ಕರೆಯುವ ಮನೆಯಲ್ಲಿ ಹುಟ್ಟಿಯೂ, ಬಟ್ಟೆ ಕತ್ತರಿಸುವಾಗ ನವಿರು ಯಾವ ಕಡೆಗಿದೆ ಎಂದು ಮುಟ್ಟಿ ನೋಡಿರಲಿಲ್ಲ. ಕಾಫಿಯನ್ನೂ ಕುಡಿಯದೆ ಚಿತ್ರ ಎತ್ತಿಕೊಂಡು ಬಸ್ಸು ಹತ್ತಿದೆ.

ಸಿಟ್ಟು ಇಳಿಯಲು ಒಂದು ವಾರ ಬೇಕಾಯಿತು. ಹೊಸ ಬಟ್ಟೆ ತಂದು, ಅಂಗೈಯಲ್ಲಿ ಸವರಿ ದಿಕ್ಕು ಗುರುತು ಮಾಡಿಕೊಂಡು, ಮೊದಲಿನಿಂದ ಶುರು ಮಾಡಿದೆ. ಆರು ಭಾನುವಾರ ಅದರಲ್ಲೇ ಹೋದವು.

ಎರಡನೆಯ ಚಿತ್ರದ ಮೇಲೆ ಅಪ್ಪನ ಕೈ ಸಲೀಸಾಗಿ ಸರಿಯಿತು. ಮತ್ತೆ ಮತ್ತೆ ಸವರಿದ. ನನಗೆ ಅಳು ತಡೆಯಲಾಗಲಿಲ್ಲ.

"ಅವತ್ತು ನಾನು ನಿನ್ನ ನಿಲ್ಲಿಸ್ಕೋಬಾರದಾಗಿತ್ತಪ್ಪ. ತಪ್ಪಾಯ್ತು," ಎಂದೆ.

ಅವನು ತಲೆ ಎತ್ತಲಿಲ್ಲ. "ನೀನೆಲ್ಲಿ ನಿಲ್ಲಿಸ್ಕೊಂಡೆ?" ಎಂದ. "ಬೆಳಗ್ಗೇನೇ ನಿಮ್ಮಮ್ಮ ನಂಗೆ ಫೋನ್ ಮಾಡಿದ್ಲು, ಹಸು ಮೇವು ಮುಟ್ತಾ ಇಲ್ಲ ಅಂತ. ಈಗ್ಲೇ ಬರ್ತೀನಿ ಅಂದೆ. ಆಮೇಲೆ, ನಿನ್ ಕೈ ಊಟ ಮಾಡ್ಕೊಂಡು ಹೋದ್ರಾಯ್ತು ಅಂತ ನಾನೇ ಕೂತ್ಬಿಟ್ಟೆ. ಇದನ್ನ ನಿಂಗೆ ಹೆಂಗೆ ಹೇಳ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ ಕಣೇ."