ಬಲಕ್ಕೆ ಹೋದ ಗುಂಡುಗಳು

ಬಂದೂಕಿನ ಅಂಗಡಿಯ ರಿಪೇರಿಯವನನ್ನು ಎಲ್ಲರೂ ಕರೆಯುತ್ತಿದ್ದುದು ನೆಟ್ಟಗಣ್ಣ ಎಂದೇ. ಗಿರಾಕಿಯ ರೈಫಲ್ ಇರಲಿ, ಪಕ್ಕದ ಅಂಗಡಿಯ ಬೋರ್ಡ್ ಇರಲಿ, ಒಂದು ಕಣ್ಣು ಮುಚ್ಚಿ ನೋಡಿ "ನೆಟ್ಟಗಿದೆ" ಅಂದರೆ ಮುಗಿಯಿತು, ಆಮೇಲೆ ಅಪೀಲೇ ಇಲ್ಲ. ಅಂಥವನ ಕೈಯಲ್ಲೇ ಒಂದು ಸ್ಕೋಪ್, ಗುರಿ ನೋಡುವ ದುರ್ಬೀನು, ಸೊಟ್ಟಗೆ ಕೂತುಬಿಟ್ಟಿತು. ಅದೂ ಹೆಂಡತಿಯ ಅಣ್ಣನ ಮಗಳ ರೈಫಲ್ ಮೇಲೆ.

ಅವಳು ಮಕ್ಕಳ ವಾರ್ಡಿನ ನರ್ಸ್. ಬೇರೆಯವರು ನರ ಸಿಗದೆ ಕೈಚೆಲ್ಲಿದಾಗ ಅವಳನ್ನು ಕರೆಯುತ್ತಿದ್ದರು. ಮಗು ಬಾಯಿ ತೆರೆದು ಅಳಬೇಕು ಅನ್ನುವಷ್ಟರಲ್ಲಿ ಸೂಜಿ ಒಳಗಿರುತ್ತಿತ್ತು. ರಜೆ ಸಿಕ್ಕರೆ ಶೂಟಿಂಗ್ ಕ್ಲಬ್ಬು. ಅಲ್ಲಿ ಬಯಲಿನ ಉದ್ದಕ್ಕೂ ನಿಲ್ಲಿಸಿದ ಕಬ್ಬಿಣದ ತಟ್ಟೆಗಳನ್ನು ಹತ್ತಿರದ್ದರಿಂದ ಶುರುಮಾಡಿ ದೂರದ್ದರವರೆಗೆ ಹೊಡೆಯಬೇಕು. ಕ್ಲಬ್ಬಿನ ತಂಡಕ್ಕೆ ಆಯ್ಕೆ ನಡೆಯುವುದಿತ್ತು, ಅದಕ್ಕೇ ಹೊಸ ಸ್ಕೋಪ್.

"ಮಾವ, ದೂರಕ್ಕೆ ತಕ್ಕಂತೆ ತಿರುಗಿಸೋ ಗುಂಡಿ ಮೇಲೆ ಇರುತ್ತಲ್ಲ, ಅದೇ ಸಾಕು ನಂಗೆ," ಅಂದಿದ್ದಳು ಅಂಗಡಿಯಲ್ಲಿ.

"ನೀನು ಗುಂಡಿ ತಿರುಗಿಸ್ತಾ ಕೂತಿರು, ಪಕ್ಕದವಳು ಹೊಡೆದು ಮುಗಿಸಿ ಟೀ ಕುಡಿಯೋಕೆ ಹೋಗಿರ್ತಾಳೆ. ಇದನ್ನ ನೋಡು."

ಅವನು ಕೈಗಿಟ್ಟ ಸ್ಕೋಪಿನೊಳಗೆ ಅಡ್ಡಗೆರೆ, ಉದ್ದಗೆರೆ, ಅವು ಕೂಡುವ ಜಾಗದಿಂದ ಕೆಳಕ್ಕೆ ಉದ್ದಗೆರೆಯ ಮೇಲೆ ಪುಟ್ಟಪುಟ್ಟ ಗೀಟುಗಳು. ದೂರ ಹೋದಷ್ಟೂ ಗುಂಡು ಕೆಳಗಿಳಿಯುತ್ತದಲ್ಲ, ಒಂದೊಂದು ಗೀಟೂ ಒಂದೊಂದು ದೂರದ ಇಳಿತಕ್ಕೆ. ತಟ್ಟೆ ದೂರವಾದರೆ ಕೆಳಗಿನ ಗೀಟಿನಲ್ಲಿ ಹಿಡಿದು ಹೊಡೆದರಾಯಿತು.

"ಈ ಗೀಟು ನಾನು ಹಾರಿಸೋ ಗುಂಡಿಗೆ ಸರಿಹೋಗುತ್ತಾ?"

"ನಿನ್ನ ಗುಂಡಿನ ತೂಕ, ವೇಗ ಎಲ್ಲ ನೋಡೇ ಆರಿಸಿದ್ದು. ಜೂಮ್ ಮಾತ್ರ ಪೂರ್ತಿ ಇಟ್ಕೋ, ಇಲ್ಲದಿದ್ರೆ ಗೀಟು ಸುಳ್ಳು ಹೇಳುತ್ತೆ. ನಿಮ್ಮ ಮಾವನ ಮೇಲೆ ನಂಬಿಕೆ ಇಲ್ವಾ?"

ಇತ್ತು, ಪಾಪ. ಅದೇ ತೊಂದರೆಯಾಗಿದ್ದು.

ಜೋಡಿಸುವಾಗ ಅವನದು ಒಂದೇ ಪದ್ಧತಿ. ಹಿಂದಿನ ಗೋಡೆಗೆ ಭಾರ ಕಟ್ಟಿದ ದಾರ ಇಳಿಬಿಡುವುದು, ರೈಫಲನ್ನು ಮಟ್ಟವಾಗಿ ಮೇಜಿನ ಇಕ್ಕಳಕ್ಕೆ ಸಿಕ್ಕಿಸುವುದು, ಸ್ಕೋಪಿನ ಉದ್ದಗೆರೆ ಆ ದಾರದ ಮೇಲೆ ಕೂರುವವರೆಗೆ ಅದನ್ನು ಹಿಡಿದಿಡುವ ರಿಂಗಿನೊಳಗೆ ತಿರುಗಿಸುವುದು, ಆಮೇಲೆ ರಿಂಗಿನ ಸ್ಕ್ರೂಗಳನ್ನು ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಬಿಗಿಯುವುದು. ಕೊನೆಗೆ ಮತ್ತೊಮ್ಮೆ ದಾರ ನೋಡುವುದು. ಅವತ್ತು ಮಾತ್ರ ಅಂಗಡಿಗೆ ಬಂದಿದ್ದ ಗಿರಾಕಿಗಳಿಬ್ಬರು ಅವನ ಕಣ್ಣನ್ನು ಹೊಗಳುತ್ತಾ ಕೂತರು. ಇವನು ಉಬ್ಬಿಹೋಗಿ, ಹಳೇ ಸಾಹಸವೊಂದನ್ನು ಬಣ್ಣಿಸುತ್ತಾ ಬಲಗಡೆಯ ಸ್ಕ್ರೂಗಳನ್ನೆಲ್ಲ ಮೊದಲೇ ಕಚ್ಚಿಸಿಬಿಟ್ಟ. ಹಾಗೆ ಮಾಡಿದರೆ ಸ್ಕೋಪ್ ಜೊತೆಗೇ ಒಂಚೂರು ಹೊರಳುತ್ತದೆ. ದಾರವನ್ನು ಮತ್ತೆ ನೋಡಲಿಲ್ಲ. "ನೆಟ್ಟಗಿದೆ," ಅಂದ, ಕೊಟ್ಟ.

ಅಭ್ಯಾಸಕ್ಕೆ ಹೊಡೆದ ಹತ್ತಿರದ ತಟ್ಟೆಗಳಲ್ಲಿ ಏನೂ ಗೊತ್ತಾಗಲಿಲ್ಲ, ಎಲ್ಲಾ ಟಣ್ ಟಣ್. ಆಯ್ಕೆಯ ದಿನ ದೂರದವು ಬಂದವು ನೋಡಿ, ಗುಂಡುಗಳೆಲ್ಲ ತಟ್ಟೆಯ ಬಲಗಡೆ ಮಣ್ಣು ಹಾರಿಸಿದವು. ತಂಡದ ಜಾಗ ಕೈಬಿಟ್ಟಿತು.

ಸಮಾಧಾನ ಹೇಳಲು ಅವನು ಭಾವನ ಮನೆಗೆ ಹೋದ. ಭಾವನಿಗೆ ಕೈ ನಡುಗುವ ಕಾಯಿಲೆ. ತಟ್ಟೆಯಲ್ಲಿ ಚಮಚ ಸದಾ ಕಿಣಿಕಿಣಿ.

"ಬೇಜಾರ್ ಮಾಡ್ಕೋಬೇಡ ಪುಟ್ಟಿ. ಮುಂದಿನ ಸಲ ಇದ್ದೇ ಇದೆ."

ಅವಳು ಅಪ್ಪ ಊಟ ಮುಗಿಸಿ ಏಳುವವರೆಗೆ ಕಾದಳು. ಆಮೇಲೆ ಮೆಲ್ಲಗೆ ಅಂದಳು: "ಮುಂದಿನ ಸಲ ಇಲ್ಲ ಮಾವ. ಅಪ್ಪಂದು ನನಗೂ ಬಂತು ಅನ್ಸುತ್ತೆ. ಗುಂಡು ಬಿಡೋ ಹೊತ್ತಿಗೆ ಕೈ ಬಲಕ್ಕೆ ಎಳೆದುಬಿಡ್ತಿದೆ. ವಾರ್ಡ್ ಬಿಡ್ತೀನಿ, ರಿಸೆಪ್ಷನ್ನಿಗೆ ಹಾಕಿ ಅಂತ ಕೇಳ್ತೀನಿ. ಮಕ್ಕಳ ಕೈಗೆ ಸೂಜಿ ಹಾಕ್ಬೇಕಲ್ಲ. ರೈಫಲ್ ನೀವೇ ತಗೊಂಡ್ಹೋಗಿ, ಅಂಗಡೀಲಿ ಮಾರಿಬಿಡಿ."

ಅವನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಎಲ್ಲವೂ ಬಲಕ್ಕೆ? ನಡುಗುವ ಕೈ ಎಲ್ಲವನ್ನೂ ಒಂದೇ ಕಡೆಗೆ ಯಾಕೆ ಕಳಿಸುತ್ತದೆ?

ಅಂಗಡಿಗೆ ಬಂದು ರೈಫಲನ್ನು ಇಕ್ಕಳಕ್ಕೆ ಸಿಕ್ಕಿಸಿ ಸ್ಕೋಪಿಗೆ ಕಣ್ಣಿಟ್ಟ. ದಾರ ನೇರವಾಗಿತ್ತು. ಉದ್ದಗೆರೆ ಅದನ್ನು ನಟ್ಟನಡುವೆ ಕತ್ತರಿಸಿ, ಬುಡವನ್ನು ಎಡಕ್ಕೆ ಚಾಚಿಕೊಂಡಿತ್ತು. ಕೆಳಗಿನ ಗೀಟಿನಲ್ಲಿ ಹಿಡಿದಷ್ಟೂ ಗುಂಡು ಬಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋದೀತು?

ಹೇಳಬೇಕಿತ್ತು. ಹೇಳಲಿಲ್ಲ. ಮನಸ್ಸು ಚೆಂದದ ಉಪಾಯವೊಂದನ್ನು ಕೊಟ್ಟಿತು: ಸದ್ದಿಲ್ಲದೆ ಸರಿಮಾಡು, ಅವಳ ಕೈಗೆ ಕೊಡು, ಹೊಡೆಯುತ್ತಾಳೆ, ಭಯ ಹೋಗುತ್ತದೆ, ನಿನ್ನ ಹೆಸರೂ ಉಳಿಯುತ್ತದೆ. ಸರಿಮಾಡಿದ. ಹತ್ತಿರದ ತಟ್ಟೆಗೆ ಹೊಡೆದು ಗುರಿ ಕೂಡಿಸಿಕೊಂಡ. "ಮಾರೋ ಮುಂಚೆ ಒಂದ್ಸಲ ಹೊಡೆದುಬಿಡು" ಎಂದು ಪೂಸಿ ಹೊಡೆದು ಅವಳನ್ನು ಕ್ಲಬ್ಬಿಗೆ ಕರೆತಂದ.

ಅವಳು ಮಲಗಿ ಗುರಿ ಹಿಡಿದಳು. ದೂರದ ತಟ್ಟೆ ಟಣ್ ಅಂದಿತು. ಅದರಾಚೆಯದೂ. ಕಟ್ಟಕಡೆಯದೂ.

"ನೋಡಿದ್ಯಾ, ಕೈ ಚೆನ್ನಾಗೇ ಇದೆ," ಅಂದ ಅವನು, ಎದೆಯ ಭಾರ ಇಳಿದವನಂತೆ.

ಅವಳು ರೈಫಲ್ ಕೆಳಗಿಟ್ಟು ತನ್ನ ಬೆರಳುಗಳನ್ನೇ ನೋಡುತ್ತಾ ಕೂತಳು. "ಅಪ್ಪಂಗೂ ಹೀಗೇ ಶುರುವಾಗಿದ್ದು ಮಾವ. ಒಂದಿನ ಇರುತ್ತೆ, ಇನ್ನೊಂದಿನ ಇರಲ್ಲ. ಇದೇ ಇನ್ನೂ ಭಯ. ಇವತ್ತೇ ಹೋಗಿ ವಾರ್ಡ್ ಬಿಡ್ತೀನಿ ಅಂತ ಬರೆದುಕೊಡ್ತೀನಿ."

ಅಡಗಿಸಿಟ್ಟ ಸತ್ಯ ಅವಳಿಗೆ ರೋಗದ ಸಾಕ್ಷಿಯಾಗಿ ನಿಂತುಬಿಟ್ಟಿತ್ತು. ಅವನ ಕಿವಿ ಕೆಂಪಾಯಿತು. ಪಕ್ಕದ ಬೆಂಚಿನಲ್ಲಿ ಅಂಗಡಿಯ ಗಿರಾಕಿಗಳೇ ಕೂತಿದ್ದರು, ಅವನನ್ನು ಹೊಗಳಿದ್ದವರೇ. ಇರಲಿ ಅಂದುಕೊಂಡ.

"ಕೈಯಲ್ಲ ಪುಟ್ಟಿ. ಸ್ಕೋಪು. ನಾನು ಸೊಟ್ಟ ಕೂರಿಸಿದ್ದೆ. ಬಿಗಿದ ಮೇಲೆ ನೋಡಲೇ ಇಲ್ಲ. ಈಗ ನಿಂಗೆ ಹೇಳದೆ ಸರಿಮಾಡ್ದೆ."

ಬೆಂಚಿನವರು ಇತ್ತ ತಿರುಗಿದರು. ಅವಳು ತಲೆ ಎತ್ತಿ ಅವನ ಮುಖ ನೋಡಿದಳು.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಾ?"

"ನಿಮ್ಮ ಅತ್ತೆ ಆಣೆ."

"ಹಾಗಾದ್ರೆ ಮತ್ತೆ ಸೊಟ್ಟ ಮಾಡಿ. ಅವತ್ತಿನ ಹಾಗೇ. ನಾನು ನೋಡ್ಬೇಕು."

ಅವನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. ಜೀವಮಾನದಲ್ಲಿ ಮೊದಲ ಸಲ ಬೇಕೆಂದೇ ತಪ್ಪು ಕೆಲಸ ಮಾಡುತ್ತಿದ್ದ: ಎಲ್ಲಾ ಸಡಿಲಿಸಿ, ಬಲಗಡೆಯವನ್ನು ಮೊದಲು ಕಚ್ಚಿಸಿ. ಸ್ಕ್ರೂ ಒಂದು ಕೈಜಾರಿ ಹುಲ್ಲಿಗೆ ಬಿತ್ತು. ಅವಳೇ ಹುಡುಕಿ ಕೊಟ್ಟಳು.

"ಏನಣ್ಣಾ, ಕೆಡಿಸೋದಕ್ಕೂ ನೀನೇ ಬೇಕಾ?" ಎಂದ ಬೆಂಚಿನವನೊಬ್ಬ. ನೆಟ್ಟಗಣ್ಣ ತಲೆ ಎತ್ತದೆ ಕೊನೆಯ ಸ್ಕ್ರೂ ಬಿಗಿದ.

ಹತ್ತಿರದ್ದಕ್ಕೆ ಮತ್ತೆ ಗುರಿ ಕೂಡಿಸಿಕೊಟ್ಟ. ಅವಳು ದೂರದ್ದಕ್ಕೆ ಹೊಡೆದಳು. ತಟ್ಟೆಯ ಬಲಗಡೆ ಮಣ್ಣು ಹಾರಿತು. ಇನ್ನೊಂದು, ಅದೇ ಜಾಗ. ಮತ್ತೊಂದು, ಅದೇ ಗುಳಿಯೊಳಗೆ.

"ಎಲ್ಲಾ ಒಂದೇ ಕಡೆ," ಅಂದಳು ಅವಳು. ಧ್ವನಿ ಒಡೆದಿತ್ತು. "ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ ಗೊತ್ತಾ ನಿಮಗೆ?"

ಅವಳು ಕಣ್ಣೊರೆಸಿಕೊಂಡು ಮತ್ತೆ ಗುಂಡು ತುಂಬಿದಳು. ತಪ್ಪುವ ಒಂದೊಂದು ಗುಂಡಿಗೂ ಅವಳ ಭುಜ ಒಂಚೂರು ಹಗುರವಾಗುತ್ತಿತ್ತು. ಅವನು ಪಕ್ಕದಲ್ಲಿ ಮಂಡಿಯೂರಿ ಎಲ್ಲವನ್ನೂ ನೋಡಿದ, ಮುಖ ತಿರುಗಿಸದೆ.